ಮೇಷ್ಟ್ರ ತಾಳೆ

ಮೇಷ್ಟ್ರ ಮಗಳಿಗೆ ಹೆರಿಗೆಯಾಗಿತ್ತು, ರಕ್ತ ಮಾತ್ರ ನಿಲ್ಲುತ್ತಿರಲಿಲ್ಲ. ಏರಿಸಬೇಕಾದ ರಕ್ತದ ಚೀಲ ಬಂದದ್ದೇ ತಡ, ನರ್ಸ್ ಪಂಕಜಾ ಅದರ ಮೇಲಿನ ಉದ್ದನೆಯ ಸಂಖ್ಯೆಯನ್ನೂ ಬಾಣಂತಿಗೆ ಹೊಂದುವ ಚೀಲದ್ದೆಂದು ಚೀಟಿಯಲ್ಲಿ ಬರೆದಿದ್ದ ಸಂಖ್ಯೆಯನ್ನೂ ಅಕ್ಕಪಕ್ಕ ಹಿಡಿದು ಒಂದೊಂದೇ ಅಂಕಿ ಓದತೊಡಗಿದಳು.

"ಅಷ್ಟು ಹೊತ್ತು ಎಲ್ಲಿದೆ? ಅಂಕಿಗಳನ್ನ ಕೂಡು," ಎಂದರು ಮೇಷ್ಟ್ರು. ಏಳನೇ ಕ್ಲಾಸಿನಲ್ಲಿ ಅವಳಿಗೆ ಲೆಕ್ಕ ಕಲಿಸಿದವರು ಅವರೇ.

"ಇಲ್ಲಿ ಹಾಗೆ ಮಾಡೋ ಹಾಗಿಲ್ಲ ಸಾರ್..."

"ಎಷ್ಟೇ ದೊಡ್ಡ ಸಂಖ್ಯೆ ಇರ್ಲಿ, ಅಂಕಿಗಳ ಮೊತ್ತ ತಾಳೆಯಾದ್ರೆ ಮುಗೀತು. ಮರೆತ್ಯಾ? ಕೂಡು ಅಂದ್ನಲ್ಲ!"

ಆ ದನಿಗೆ ಪಂಕಜಾಳ ಅಂಗೈ ಇಂದಿಗೂ ಚುರುಗುಟ್ಟಿತು. ಕೂಡಿದಳು. "ಚೀಟೀದು ಮೂವತ್ತೊಂದು ಸಾರ್. ಚೀಲದ್ದೂ ಮೂವತ್ತೊಂದು."

"ನೋಡಿದ್ಯಾ? ಏರಿಸಮ್ಮ, ನನ್ನ ಮಗಳು ಉಳೀಲಿ."

ರಕ್ತ ಹನಿಯತೊಡಗಿತು. ಸ್ವಲ್ಪ ಹೊತ್ತಿಗೆಲ್ಲ ಬಾಣಂತಿ ಗಡಗಡ ನಡುಗಿದಳು. "ಅಪ್ಪಾ, ಸೊಂಟ ಸೀಳ್ತಿದೆ..."

ಪಂಕಜಾ ಓಡಿಬಂದು ನಳಿಕೆ ಮುಚ್ಚಿದಳು. ಆಮೇಲೆ ಬೆರಳಿಟ್ಟು, ಮೊದಲಿನಿಂದ ಒಂದೊಂದೇ ಅಂಕಿ ಓದಿದಳು. ಚೀಟಿಯ ಸಂಖ್ಯೆ ಮೂವತ್ತಾರರಲ್ಲಿ ಮುಗಿದಿತ್ತು, ಚೀಲದ್ದು ಅರವತ್ಮೂರರಲ್ಲಿ.