ಬಿಡದ ಬಣ್ಣ

ಬುಟ್ಟಿಯ ಮೇಲಿನ ಹಸಿ ಗೋಣಿತಟ್ಟು ಎಳೆದ ಕೂಡಲೇ ಅರಣ್ಯ ಇಲಾಖೆಯ ಪರಮಾನಂದ ಅದರ ಮುಂದೆ ಕುಕ್ಕರಗಾಲಲ್ಲಿ ಕೂತ. ಕೆಂಪು ಮುಖ, ಕಿತ್ತಳೆ ಕೊರಳು, ಕಪ್ಪು ಮೈತುಂಬ ಬಿಳಿ ಚುಕ್ಕಿ. ಥೇಟ್ ಇಲಾಖೆಯ ಪಟದಲ್ಲಿದ್ದ ಜುಜುರಾಣ. ಹಿಮಾಚಲದ ಗುಡ್ಡಗಳ ನೆತ್ತಿಯಲ್ಲಿ, ಹಿಮದ ಅಂಚಿನ ದೇವದಾರು ಕಾಡಿನಲ್ಲಿ ಬದುಕುವ, ಹುಂಜದಷ್ಟು ದೊಡ್ಡ ಹಕ್ಕಿ. ಅಲ್ಲೂ ಈಗ ಅಪರೂಪ. ರಬಕವಿಯ ಈ ಬಿಸಿಲಿಗೆ ಅದು ಹೆಚ್ಚು ದಿನ ಬಾಳುವಂತಿರಲಿಲ್ಲ.

ಈ ಮನೆಯ ಲಾರಿ ಡ್ರೈವರ್ ಕರೆಪ್ಪ ಹಿಮಾಚಲಕ್ಕೆ ಬೆಲ್ಲ ಒಯ್ದು ಸೇಬು ತರುವವನು. ಈ ಸಲ ಸೇಬಿನ ಪೆಟ್ಟಿಗೆಗಳ ಸಂದಿಯಲ್ಲಿ ಹಕ್ಕಿ ತಂದಿದ್ದಾನೆಂದು ಯಾರೋ ಫೋನ್ ಮಾಡಿದ್ದರು.

ಹಿಡಿದರೆ ಹೆಸರು. ತಪ್ಪಿದರೆ ಮಾನ ಹರಾಜು. ಹೋದ ವರ್ಷ ಜಮಖಂಡಿಯಲ್ಲಿ ಹುಲಿ ಚರ್ಮ ಹಿಡಿಯುತ್ತೇನೆಂದು ಜೀಪು, ಪೊಲೀಸರು, ಪೇಪರಿನವರ ಸಮೇತ ನುಗ್ಗಿ, ಹುಲಿ ಚಿತ್ರದ ರಗ್ಗು ಹಿಡಿದು ತಂದಿದ್ದ. ಬೆಟ್ಟ ಅಗೆದವರಿಗೆ ಇಲಿಯಾದರೂ ಸಿಗುತ್ತದೆ. ಅಂದಿನಿಂದ ಅವನು ‘ರಗ್ಗಿನ ಸಾಹೇಬ’. ಶಾಲೆಯಲ್ಲೂ ಹಾಗೆಯೇ ಅಂದು ಕಾಡಿದರೆಂದು ಮಗಳು ಮನೀಷಾ ಅತ್ತಾಗ ಅವನಿಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತ್ತು. ಅದಕ್ಕೇ ಈ ಸಲ ಖಾಕಿ ತೊಡದೆ ಒಬ್ಬನೇ ಬೈಕಿನಲ್ಲಿ ಬಂದಿದ್ದ. ನಿನ್ನೆ ಚಹಾದಂಗಡಿಯಲ್ಲಿ ಕರೆಪ್ಪನ ಮನೆ ಯಾವುದೆಂದು ಕೇಳಿದ್ದೊಂದೇ ಅವನು ಬಾಯಿಬಿಟ್ಟದ್ದು.

ಕರೆಪ್ಪ ಹೆದರಲಿಲ್ಲ, ನಕ್ಕ. ಗಣಪತಿ ಮಂಡಳದವರು ಅರಳೆಯಲ್ಲಿ ಕೈಲಾಸ ಮಾಡುತ್ತಿದ್ದಾರೆ, ಅಲ್ಲಿ ಕೂಡಿಸಲೆಂದು ಹುಂಜಕ್ಕೆ ಬಣ್ಣ ಹಾಕಿಸಿದ್ದೇನೆ ಎಂದ. ಹಾಕಿದವನು ಬನಹಟ್ಟಿಯಲ್ಲಿ ನೂಲಿಗೆ ಬಣ್ಣ ಹಾಕುವ ಅಂದಾನೆಪ್ಪನಂತೆ.

ಪರಮಾನಂದ ಕರವಸ್ತ್ರ ನೆನೆಸಿ ರೆಕ್ಕೆ ಒರೆಸಿದ. ಸಾಬೂನು ಹಚ್ಚಿ ಮತ್ತೆ ಒರೆಸಿದ. ಕರವಸ್ತ್ರ ಬೆಳ್ಳಗೇ ಉಳಿಯಿತು.

“ಬಣ್ಣ ಬಿಡವಲ್ದಲ್ಲಪಾ,” ಎಂದ.

“ಬನಹಟ್ಟಿ ಬಣ್ಣರಿ ಸಾಹೇಬ್ರ. ನಿಮ್ಮ ಮನ್ಯಾಗ ಅಕ್ಕಾವ್ರು ಇಲ್ಲಿ ಸೀರಿ ಉಡತಿರಬೇಕಲ್ಲ? ಎಂದಾರ ಬಣ್ಣ ಬಿಟ್ಟೈತೇನ್ರಿ?”

ಬಿಟ್ಟಿರಲಿಲ್ಲ. ಮದುವೆಯಲ್ಲಿ ಉಟ್ಟ ಸೀರೆ ಇಂದಿಗೂ ಹೊಸದರಂತಿತ್ತು. ಹಕ್ಕಿ ಮಾತ್ರ ಮುಂದಿದ್ದ ಜೋಳ ಮುಟ್ಟದೆ, ಮೆಂತ್ಯದ ಎಲೆ ಕುಕ್ಕುತ್ತ ಏದುಸಿರು ಬಿಡುತ್ತಿತ್ತು. ಬಣ್ಣದ ಉರಿಗೆ ಹಾಗೆ, ಎಂದ ಕರೆಪ್ಪ. ಅಷ್ಟು ಸಣ್ಣ ಬಿಳಿ ಚುಕ್ಕಿಗಳನ್ನು ಅಂದಾನೆಪ್ಪ ಹೇಗೆ ಬಿಡಿಸಿದನೆಂದು ಕೇಳುವುದರಲ್ಲಿದ್ದ ಪರಮಾನಂದ. ಕರೆಪ್ಪನ ಮಾತು ಮುಂಚೆ ಬಂತು.

“ಬೇಕಾದ್ರ ಒಯ್ರಿ. ಪೇಪರಿನವ್ರನ್ನ ನಾನ ಕರಸ್ತೀನಿ.”

ನಾಳೆಯಿಂದ ‘ಹುಂಜದ ಸಾಹೇಬ’. ಪರಮಾನಂದ ಗೋಣಿತಟ್ಟನ್ನು ತಾನೇ ಮುಚ್ಚಿದ. ತಾನು ಬಂದದ್ದು ಯಾರಿಗೂ ಗೊತ್ತಾಗಬಾರದೆಂದು ಕೈಮುಗಿಯುವುದೊಂದೇ ಬಾಕಿ ಎಂಬಂತೆ ಕೇಳಿಕೊಂಡ. ಕರೆಪ್ಪ ಕೊಟ್ಟ ಚಹಾ ಕುಡಿದು, ಬದುಕಿದೆಯಾ ಬಡಜೀವವೇ ಎಂದು ಬೈಕ್ ಹತ್ತಿದ.

ಓಣಿಯ ತಿರುವಿನಲ್ಲಿ ಸೈಕಲ್ಲಿನವನೊಬ್ಬ ಅಡ್ಡ ಬಂದು ನಿಲ್ಲಿಸಿದ. ಮೊಳಕೈತನಕ ಬಣ್ಣದ ಕಲೆ. ಹ್ಯಾಂಡಲ್ಲಿಗೆ ತೂಗುಬಿಟ್ಟ ಬಣ್ಣದ ಡಬ್ಬಿಗಳು. ಹಿಂದಿನ ಬುಟ್ಟಿಯಲ್ಲಿ ಕಾಲು ಕಟ್ಟಿದ, ಹಾಲಿನಂಥ ಬಿಳಿ ಹುಂಜ.

“ಅಣ್ಣಾರ, ಡ್ರೈವರ್ ಕರೆಪ್ಪನ ಮನಿ ಯಾವದ್ರಿ? ಫಾರೆಸ್ಟ್ ಸಾಹೇಬ್ರು ಬರೂದ್ರಾಗ ಈ ಹುಂಜಕ್ಕ ಬಣ್ಣ ಹಾಕಿ ಕೊಡಬೇಕಾಗೇತಿ.”