ಇನ್ನೊಂದು ನಿಮಿಷ

"ಒಂದು ನಿಮಿಷ ಎಲ್ಲರೂ ಮೌನವಾಗಿರಬೇಕು. ಯಾರೂ ತುಟಿ ಪಿಟಕ್ಕೆನ್ನಬಾರದು!" ಎಂದ ಸೌಂಡ್‌ನವನು. ಅವನಿಗೆ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ. ಸಂದರ್ಶನ ಮುಗಿದ ಮೇಲೆ ಯಾರೂ ಮಾತಾಡದಿರುವಾಗ ಆ ಕೋಣೆಯಲ್ಲಿ ಇರುವ ಸದ್ದನ್ನು ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳುವುದು ಅವನ ಕಸುಬಿನ ಪದ್ಧತಿ. ಆಮೇಲೆ ಮಾತು ಕತ್ತರಿಸಿ ಜೋಡಿಸುವಾಗ ನಡುವೆ ತೇಪೆ ಹಾಕಲು ಅದು ಬೇಕು. ಫ್ರಿಜ್ ಆಗಲೇ ಆರಿಸಿದ್ದ, ಗೋಡೆ ಗಡಿಯಾರದ ಸೆಲ್ ಕಿತ್ತು ಜೇಬಿಗೆ ಹಾಕಿಕೊಂಡಿದ್ದ. ಇನ್ನು ಮನುಷ್ಯರು ಸುಮ್ಮನಿದ್ದರೆ ಸಾಕಿತ್ತು.

ಇದನ್ನೆಲ್ಲ ಆ ಮನೆಯ ತಾಯಿಗೆ ಯಾರೂ ಹೇಳಿರಲಿಲ್ಲ. ಎರಡು ಗಂಟೆ ಕ್ಯಾಮೆರಾದ ಮುಂದೆ ಕೂತು ಸತ್ತ ಮಗನ ಕಥೆ ಹೇಳಿದವಳು, ಈಗ ಕುರ್ಚಿಯಿಂದ ಎದ್ದು, ಕೈಕಟ್ಟಿ, ತಲೆ ತಗ್ಗಿಸಿ ನಿಂತುಬಿಟ್ಟಳು.

ಕ್ಯಾಮೆರಾ ಹಿಂದಿದ್ದ ನಿರ್ದೇಶಕಿ ಮೊದಲು ಪಿಳಿಪಿಳಿ ನೋಡಿದಳು. ಆಮೇಲೆ ಅರ್ಥವಾಗಿ ತಾನೂ ಮೆಲ್ಲಗೆ ಎದ್ದಳು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಸೌಂಡ್‌ನವನು "ಕೂತ್ಕೊಳ್ರೀ" ಎನ್ನಲು ಬಾಯಿ ತೆರೆದವನು, ತಾಯಿಯ ಮುಖ ನೋಡಿ ಮುಚ್ಚಿದ. ಅವನೂ ಎದ್ದ. ಮಂಡಿ ಲಟಕ್ಕೆಂದಿತು. ರೆಕಾರ್ಡಿಂಗ್ ಅಲ್ಲಿಗೆ ಹಾಳು!

ನಿಮಿಷ ಮುಗಿದಾಗ ತಾಯಿ ಅವನ ಕಡೆ ತಿರುಗಿದಳು. "ತುಂಬಾ ಉಪಕಾರವಾಯ್ತಪ್ಪಾ. ನನ್ನ ಮಗ ತೀರಿಕೊಂಡ ತಿಂಗಳಲ್ಲೇ ಬೈಕಿಂದ ಬಿದ್ದು ಹೋದ ಹುಡುಗನಿಗೆ ಕಾಲೇಜಿಗೆ ಕಾಲೇಜೇ ಒಂದು ನಿಮಿಷ ಮೌನವಾಗಿ ಎದ್ದು ನಿಂತಿತ್ತು. ನನ್ನ ಮಗನಿಗೆ ನಿಂತ್ರೆ ಡ್ರಗ್ಸ್‌ಗೆ ಬೆಂಬಲ ಕೊಟ್ಟ ಹಾಗಾಗುತ್ತೆ ಅಂದ್ರು. ನಾಲ್ಕು ವರ್ಷದಲ್ಲಿ ನೀವೇ ಮೊದಲು ನಿಂತಿದ್ದು."

"ಅಮ್ಮಾ, ಅದು ನಿಜವಾಗಿ..." ಎಂದು ನಿರ್ದೇಶಕಿ ಶುರು ಮಾಡಿದಳು. ಸೌಂಡ್‌ನವನು ಅವಳ ಕಾಲು ತುಳಿದ. ಜೋರಾಗಿಯೇ ತುಳಿದ. ಇಷ್ಟು ವರ್ಷ ಈ ಒಂದು ನಿಮಿಷಕ್ಕೆ ಎಲ್ಲರ ಹತ್ತಿರ ಬೈಸಿಕೊಂಡಿದ್ದನೇ ಹೊರತು ಉಪಕಾರ ಎನ್ನಿಸಿಕೊಂಡಿರಲಿಲ್ಲ.

ಮೇಜಿನ ಮೇಲೆ ಒಪ್ಪಿಗೆ ಪತ್ರ ಬೆಳಗಿನಿಂದ ಹಾಗೇ ಬಿದ್ದಿತ್ತು. ತಾಯಿಯ ಸಹಿ ಇಲ್ಲದೆ, ಡ್ರಗ್ಸ್ ಕಾನೂನು ಮನೆಮನೆಗೆ ಏನು ಮಾಡಿದೆ ಎಂದು ತೋರಿಸುವ ಆ ಸಾಕ್ಷ್ಯಚಿತ್ರದಲ್ಲಿ ಅವಳ ಒಂದು ಮಾತನ್ನೂ ಬಳಸುವಂತಿರಲಿಲ್ಲ. ಜೈಲಿನಲ್ಲಿರುವ ಮಗನ ಗೆಳೆಯನನ್ನೂ ನಿರ್ದೇಶಕಿ ಮಾತಾಡಿಸಿ ಬಂದಿದ್ದಳು. ತಾಯಿಯದು ಒಂದೇ ಹಟ: ಅವನಿರುವ ಚಿತ್ರದಲ್ಲಿ ನನ್ನ ಮಗ ಇರಕೂಡದು. ಆ ದಿನ ಡ್ರಗ್ಸ್ ಅತಿಯಾಗಿ ಮಗ ಉಸಿರಾಡಲಾಗದೆ ಬಿದ್ದಾಗ ಜೊತೆಯಲ್ಲಿದ್ದ ಮೂವರು ಓಡಿಹೋಗಿದ್ದರು. ಗೆಳೆಯ ಮಾತ್ರ ಫೋನ್ ಹಿಡಿದು ಪಕ್ಕದಲ್ಲೇ ಕೂತಿದ್ದ. ಆಂಬುಲೆನ್ಸ್ ಹಿಂದೆಯೇ ಪೊಲೀಸರೂ ಬರುತ್ತಾರೆ, ಕರೆದವನೂ ಒಳಗೆ ಹೋಗುತ್ತಾನೆ ಎಂದು ನಲವತ್ತು ನಿಮಿಷ ಹೆದರಿ ಹೆದರಿ, ಕೊನೆಗೆ ಕರೆದ. ಹೊತ್ತು ಮೀರಿತ್ತು. ಅವನ ಹೆದರಿಕೆ ಸುಳ್ಳಾಗಲೂ ಇಲ್ಲ. ಓಡಿದವರು ಹೊರಗಿದ್ದಾರೆ, ಕರೆದವನಿಗೆ ಏಳು ವರ್ಷ. "ಆ ನಲವತ್ತು ನಿಮಿಷ ನನ್ನ ಹೊಟ್ಟೇಲಿ ಇವತ್ತಿಗೂ ಉರೀತಿದೆ" ಎಂದಿದ್ದಳು ತಾಯಿ.

ಸೌಂಡ್‌ನವನಿಗೆ ಪೇಚಿಗಿಟ್ಟುಕೊಂಡಿತು. ಕೋಣೆಯ ಸದ್ದು ಇಲ್ಲದೆ ಕೆಲಸ ಸಾಗದು, ನಿಜ ಹೇಳಲು ಬಾಯಿ ಬಾರದು. ತಲೆ ಕೆರೆದುಕೊಂಡ. "ಅಮ್ಮಾ, ತಪ್ಪು ತಿಳ್ಕೋಬೇಡಿ. ನನ್ನ ಮಂಡಿ ಸದ್ದು ಮಾಡಿಬಿಡ್ತು. ಇನ್ನೊಂದು ನಿಮಿಷ ನಿಲ್ಲೋಣ್ವಾ?"

"ಅಯ್ಯೋ, ಮಂಡಿ ಅಂದ್ಮೇಲೆ ಸದ್ದು ಮಾಡದೆ ಇರುತ್ತೇನೋ!" ತಾಯಿ ಆ ದಿನ ಮೊದಲ ಸಲ ನಕ್ಕಳು. "ನಿಲ್ಲೋಣ ಬಿಡು. ಆದರೆ ನನ್ನ ಮಗನದ್ದು ಆಯ್ತಲ್ಲಪ್ಪಾ, ಅವನಿಗೆ ಅಷ್ಟು ಸಾಕು."

ಅವಳು ಮೇಜಿನ ಮುಂದೆ ಕೂತಳು. ಒಪ್ಪಿಗೆ ಪತ್ರವನ್ನು ಎಳೆದುಕೊಂಡು, ಒಂದು ಸಾಲನ್ನೂ ಹೊಡೆದುಹಾಕದೆ ಸಹಿ ಮಾಡಿದಳು. ಮತ್ತೆ ಎದ್ದು ನಿಂತಳು.

"ಬದುಕಿರೋರಿಗೆ ನಿಲ್ಲಬಾರದು ಅಂತ ಏನಾದ್ರೂ ಇದೆಯಾ?"

"ಇಲ್ಲಮ್ಮ" ಎಂದ ಸೌಂಡ್‌ನವನು.

"ಹಾಗಾದ್ರೆ ಇದು ಜೈಲಲ್ಲಿರೋ ಆ ಹುಡುಗನಿಗೆ. ಅವನು ಓಡಿಹೋಗದೆ ಕೂತಿದ್ದಕ್ಕೇ, ನನ್ನ ಮಗ ಒಬ್ಬನೇ ಸಾಯಲಿಲ್ಲ."