ಅಟ್ಟದ ಮೇಲಿನ ಕಾಯಿ

ತೆಂಗಿನಕಾಯಿ ಕೈಗೆ ಬಂದರೆ ಸಾಕು, ಈಗಲೂ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತೇನೆ. ಅದನ್ನು ಕಲಿತದ್ದು ಅಕ್ಕನಿಂದ.

ಊರಿಗೆ ಇನ್ನೂ ಕರೆಂಟು ಬರದ ಕಾಲ. ಅರಸೀಕೆರೆ ಕಡೆಯ ನಮ್ಮೂರಿನ ಕೆರೆ ಏರಿ ಒಡೆದಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನಾಲ್ಕು. ನೀರು ಮನೆಗೆ ನುಗ್ಗಿದಾಗ ಅಟ್ಟ ಹತ್ತಿದವಳು, ಗೋಡೆಯ ಕೆಸರು ಒಣಗಿ ಉದುರಿದರೂ ಕೆಳಗೆ ನಿಲ್ಲಲಿಲ್ಲ. ಸ್ನಾನಕ್ಕೆ ಇಳಿದರೂ ಮತ್ತೆ ಏಣಿ ಹತ್ತುತ್ತಿದ್ದಳು. ಯಾರೊಂದಿಗೂ ಮಾತಿಲ್ಲ.

ಅಜ್ಜಿ ಗದರಲಿಲ್ಲ. ಕೊಬ್ಬರಿಗೆಂದು ಅಟ್ಟದಲ್ಲಿ ಒಣಗಲು ಬಿಟ್ಟಿದ್ದ ಕಾಯಿಗಳನ್ನು ಅವಳಿಗೇ ಒಪ್ಪಿಸಿದಳು. "ಅಲ್ಲಾಡ್ಸಿ ನೋಡು. ಒಳಗೆ ಕೊಬ್ಬರಿ ಗಿಟುಕು ಚಿಪ್ಪು ಬಿಟ್ಕೊಂಡು ಲೊಟಲೊಟ ಅಂದ್ರೆ ಕೆಳಕ್ಕೆ ಹಾಕು. ಮಾತಾಡೋದೇನೂ ಬ್ಯಾಡ."

ದಿನಕ್ಕೆ ಒಂದೋ ಎರಡೋ ಕಾಯಿ ಧೊಪ್ಪೆಂದು ಬೀಳುತ್ತಿದ್ದವು. ಒಡೆದು ನೋಡಿದರೆ ಒಂದೂ ಹಸಿಯಿರುತ್ತಿರಲಿಲ್ಲ.

ಒಂದು ಮಧ್ಯಾಹ್ನ ಚಿಕ್ಕಪ್ಪ ತಾಳ್ಮೆಗೆಟ್ಟ. "ಹಿಂಗೇ ಬಿಟ್ರೆ ಹುಚ್ಚಿ ಆಯ್ತಾಳೆ ಕಣವ್ವ. ಮಾಲೇಕಲ್ಲು ದೇವ್ರ ಗುಡಿಗೆ ಕರ್ಕೊಂಡೋಗಿ ಮುಡಿ ಕೊಡಿಸ್ತೀನಿ" ಎಂದು ಏಣಿ ಹತ್ತಿದ. ಅಕ್ಕನ ಜಡೆ ಸೊಂಟದವರೆಗಿತ್ತು, ನಾನು ಅಳತೊಡಗಿದೆ. ಅಜ್ಜಿ ಏಣಿಯ ಬುಡದಲ್ಲಿ ಕೂತು ರಾಗಿ ಕೇರುತ್ತಲೇ ಇದ್ದಳು.

ಮೇಲೆ ಅಡ್ಡ ಸಿಕ್ಕ ಕಾಯಿಯೊಂದನ್ನು ಚಿಕ್ಕಪ್ಪ ಕೆಳಗೆಸೆಯಲು ಎತ್ತಿದ.

"ಅದಿನ್ನೂ ಒಣಗಿಲ್ಲ ಚಿಕ್ಕಪ್ಪ," ಅಟ್ಟದ ಕತ್ತಲಿನಿಂದ ಅಕ್ಕ ಹೇಳಿದಳು. "ಇದ್ದ ಕಡೇನೇ ಇಡು."

ಎರಡು ತಿಂಗಳ ಮೇಲೆ ಕೇಳಿದ ದನಿ. ಚಿಕ್ಕಪ್ಪ ಏಣಿಯ ಮೇಲೇ ನಿಂತುಬಿಟ್ಟ.

"ಹೇಳ್ತಾವ್ಳಲ್ಲ, ಇಡ್ಲಾ," ಎಂದಳು ಅಜ್ಜಿ, ತಲೆಯೆತ್ತದೆ. ಅವಳ ಕೈಯಲ್ಲಿದ್ದ ಮೊರ ಮಾತ್ರ ನಿಂತಿತ್ತು.